ದೇವಿಂದ್ರನ ಸೂಜಿ, ನನ್ನ ಸೆರಗು

ಮೊದಲ ಹೇಳಿಬಿಡ್ತೀನಿ. ದೇವಿಂದ್ರನ ಕೈ ತಪ್ಪಲಿಲ್ಲ, ತಪ್ಪಿದ್ದು ನನ್ನ ಕೈ. ಈ ಮಾತು ನಾ ಯಾದಗಿರಿ ಕಚೇರ್ಯಾಗ ಮೂರು ಮಂದಿ ಸಾಹೇಬರ ಮುಂದ ಹೇಳಬೇಕಾಗಿತ್ತು. ಹೇಳಿದ್ರ ಅವನ ಸೂಜಿ ಕೆಲಸ ಉಳೀತಿತ್ತೇನೋ. ಹೇಳಲಿಲ್ಲ. ಈಗ ಸುರಪುರದ ಮಂದಿ ಬಾಯಿಗೆ ಬಂದದ್ದು ಮಾತಾಡ್ತಾರ. ಡಾಕ್ಟರ್ ಅಲ್ಲದಾವ ಡಾಕ್ಟರ್ ಆಟ ಆಡಿದ, ಸೂಜಿ ಚುಚ್ಚಿ ಒಬ್ಬಾಕಿ ಜೀವ ತೆಗೀತಿದ್ದ ಅಂತಾರ. ಆ ಒಬ್ಬಾಕಿ ನಾನ. ಅದಕ್ಕ ಆಂವ ಎಂಥಾವ ಅಂತ ಹೇಳೂದು ನನ್ನ ಪಾಲಿಗೆ ಬಂದದ.

ನನ್ನ ಹೆಸರು ಶೇಖಮ್ಮ. ಊರು ದೇವಾಪುರ, ಕೆಲಸ ಸುರಪುರದಾಗ. ಬಸ್ ಸ್ಟ್ಯಾಂಡ್ ಹಿಂದಿನ ಓಣ್ಯಾಗ ಮಾನಮ್ಮನ ಖಾನಾವಳಿ ಅದ. ಅಲ್ಲಿ ಒಲಿ ಮುಂದ ಕುಂತು ರೊಟ್ಟಿ ಬಡಿಯಾಕತ್ತು ಹದಿನಾಲ್ಕು ವರ್ಷ ಆತು. ಮುಂಜಾನೆ ಟಂಟಂ ಆಟೋ ಹತ್ತಿ ಬರೂದು, ಹಿಟ್ಟು ನಾದೂದು, ಮಧ್ಯಾಹ್ನ ಊಟದ ಹೊತ್ತಿಗೆ ಎರಡು ನೂರು ರೊಟ್ಟಿ ಬಡಿಯೂದು, ಜಾತ್ರಿ ಸಂತಿ ಇದ್ರ ಇನ್ನೂ ಹೆಚ್ಚು. ನನ್ನ ಗಂಡ ದುರಗಪ್ಪ ಭತ್ತ ಕೊಯ್ಯೂ ಮಶೀನ ಹೊಡೀತಾನ. ಸುಗ್ಗಿ ಎಲ್ಲಿ ಇರ್ತದೋ ಆಂವ ಅಲ್ಲಿರ್ತಾನ. ಮಗಳು ಜ್ಯೋತಿ ಶಹಾಪುರದಾಗ ಹಾಸ್ಟೆಲ್‌ನಾಗ ಇದ್ದು ಓದ್ತಾಳ. ಮನ್ಯಾಗ ನಾನು, ನನ್ನ ಮಾವ ಅಂಬ್ರಪ್ಪ, ಇಬ್ರ.

ಮಾವನ ಬಗ್ಗೆ ಒಂದು ಮಾತು ಹೇಳಬೇಕು. ಭಾಳ ಒಳ್ಳೆ ಮನಷ್ಯಾ. ಹದಿನಾರು ವರ್ಷದಾಗ ನನಗ ಒಂದು ದಿನ ಏ ಅಂದಾವಲ್ಲ. ಮನಿಯೊಳಗ ಬರೂಕಿಂತ ಮೊದಲ ಹೊಸ್ತಿಲದಾಗ ನಿಂತು ಎರಡು ಸಲ ಕೆಮ್ಮತಾನ. ನೆಗಡಿ ಕೆಮ್ಮಲ್ಲ, ಬಂದೀನಿ ಅಂತ ಹೇಳೂ ಕೆಮ್ಮು. ನಮ್ಮ ಕಡೆ ಹಿರ್ಯಾರೆಲ್ಲ ಹಂಗ, ಸೊಸಿ ತೆಲಿ ಮ್ಯಾಲ ಸೆರಗು ಹೊದ್ಕೊಳ್ಳಾಕ ಯಾಳೆ ಕೊಡ್ತಾರ. ಅಂಬ್ರಪ್ಪ ಮಾವ ಕೆಮ್ಮಿದ ಅಂದ್ರ ನಾ ಹಿಟ್ಟಿನ ಕೈ ಇರಲಿ, ಸಗಣಿ ಕೈ ಇರಲಿ, ಸೆರಗು ಎಳಕೋತೀನಿ. ಎಳಕೋಬೇಕು ಅಂತ ಮನಸ್ಸಿಗೆ ಬರೂದ್ರೊಳಗ ಕೈ ಎಳದು ಮುಗಿಸಿರ್ತದ.

ದೇವಿಂದ್ರ ನಮ್ಮ ಊರಾವನ. ನಮ್ಮ ಓಣಿ ಕೊನಿ ಮನಿ ಮಾಳಮ್ಮನ ಮಗ. ಮಾಳಮ್ಮ ಕಾಲುವಿ ಕಡೆ ಹೊಲಗಳಿಗೆ ಭತ್ತ ಹಚ್ಚಾಕ ಹೋಗ್ತಿದ್ಲು. ದಿನಾ ಬಗ್ಗಿ ಬಗ್ಗಿ ಬೆನ್ನು ಹಿಡಕೊಂಡು ಬರ್ತಿದ್ಲು. ಬಂದಾಕಿನ ಕಟ್ಟಿ ಮ್ಯಾಲ ಬೋರಲ ಬಿದ್ದು, ತಮ್ಮಾ ತುಳಿಯೋ ಅಂತಿದ್ಲು. ಈ ಹುಡುಗ ತಾಯಿ ಬೆನ್ನ ಮ್ಯಾಲ ಹತ್ತಿ, ಗ್ವಾಡಿ ಹಿಡಕೊಂಡು, ಮೆಲ್ಲಕ ತುಳೀತಿದ್ದ. ಎಲ್ಲಿ ತುಳದ್ರ ಹಾಯ್ ಅಂತಾಳ, ಎಲ್ಲಿ ತುಳದ್ರ ಅಯ್ಯೋ ಅಂತಾಳ, ಅಂಗಾಲಿಗೆ ಗೊತ್ತಾಗಿಬಿಟ್ಟಿತ್ತು. ಅದನ್ನ ಓಣಿ ಮಂದಿಯೆಲ್ಲ ನೋಡೀವಿ.

ಮುಂದ ಕಲಬುರಗಿಗೆ ಹೋಗಿ ನಾಕೂವರಿ ವರ್ಷ ಫಿಸಿಯೋಥೆರಪಿ ಓದಿದ. ಊರಾಗ ಯಾರಿಗೂ ಅದು ಏನು ಅಂತ ಗೊತ್ತಿಲ್ಲ. ಮಾಳಮ್ಮನ ಮಗ ಡಾಕ್ಟರ್ ಆಗಾಕತ್ಯಾನ ಅಂದ್ರು. ಆಂವ ಬಂದು, ನಾ ಡಾಕ್ಟರ್ ಅಲ್ಲ, ಗುಳಗಿ ಬರಿಯಂಗಿಲ್ಲ, ಇಂಜೆಕ್ಷನ್ ಕೊಡಂಗಿಲ್ಲ, ಕೈಕಾಲು ಕಸರತ್ತು ಮಾಡಸ್ತೀನಿ ಅಂದ. ಮಂದಿಗೆ ನಿರಾಸಿ ಆತು. ಅಷ್ಟು ಓದಿ ಕಸರತ್ತು ಮಾಡಸೂದಾ ಅಂತ ಮುಖದ ಮ್ಯಾಲ ಕೇಳಿದ್ರು. ಆಂವ ನಕ್ಕ. ಬಡಿವಾರ ಅಂಬೂದು ಆ ಹುಡುಗನ ಹತ್ರ ಇದ್ದಿದ್ದಿಲ್ಲ. ಇದ್ದಿದ್ರ ಈ ಗದ್ದಲದಾಗಿಂದ ಪಾರಾಗ್ತಿದ್ದ ಅಂತ ನನಗ ಅನಸ್ತದ.

ಸುರಪುರದಾಗ ಮಾನಮ್ಮನ ಖಾನಾವಳಿ ಎದುರಿಗೆ ಒಂದು ಖೋಲಿ ಹಿಡದ. ಒಂದು ಮಂಚ, ಒಂದು ಟೇಬಲ್, ಎರಡು ಕರೆಂಟ್ ಮಶೀನ, ನಡುವ ಒಂದು ಹಸರು ಪರದಾ. ಊಟಕ್ಕ ನಮ್ಮಲ್ಲೇ ಬರ್ತಿದ್ದ. ಆ ಹುಡುಗಗ ಒಂದು ಖೋಡಿ ಚಟ ಇತ್ತು, ಮಂದಿ ಮಾರಿ ನೋಡ್ತಿದ್ದಿಲ್ಲ, ಭುಜ ನೋಡ್ತಿದ್ದ. ಒಂದಿನ ಇನ್ನೊಂದು ರೊಟ್ಟಿ ಕೇಳಾಕ ಅಡಗಿಮನಿ ಬಾಗಿಲಿಗೆ ಬಂದಾವ ಅಲ್ಲೇ ನಿಂತುಬಿಟ್ಟ. ಅಕ್ಕ, ನಿಮ್ಮ ಬಲಗಡೆ ಭುಜ ಮ್ಯಾಲ ಏರ್ಯಾದ, ಬೆರಳು ಜೋಮು ಹಿಡೀತಾವೇನು ಅಂತ ಕೇಳಿದ. ನನಗ ಸಿಟ್ಟು ಬಂತು. ರೊಟ್ಟಿ ಕೇಳಾಕ ಬಂದಾವ ರೊಟ್ಟಿ ಕೇಳಪ್ಪ, ನನ್ನ ಭುಜದ ಉಸಾಬರಿ ನಿನಗ್ಯಾಕ ಅಂದೆ. ಆದ್ರ ಆಂವ ಹೇಳಿದ್ದು ಖರೆ ಇತ್ತು. ಎರಡು ವರ್ಷದಿಂದ ಕುತ್ತಿಗಿ ಹಿಡೀತಿತ್ತು, ಕುತ್ತಿಗಿಂದ ಭುಜಕ್ಕ, ಭುಜದಿಂದ ರಟ್ಟಿಗೆ, ರಟ್ಟಿಂದ ಬೆರಳಿಗೆ. ಸಂಜಿಗೆ ಬಲಗೈ ನಂದಲ್ಲ ಅನ್ನೂಹಂಗ ಆಗಿರ್ತಿತ್ತು.

ಮಾಡದ ಇಲಾಜು ಇಲ್ಲ. ಇಂಜೆಕ್ಷನ್ ತಗೊಂಡೆ, ಗುಳಗಿ ನುಂಗಿ ಹೊಟ್ಟಿ ಕೆಡಿಸ್ಕೊಂಡೆ. ನನ್ನ ತವರು ಬಳಿಚಕ್ರಕ್ಕ ಹೋದಾಗ ಅಲ್ಲಿ ಕಡೆ ಒಬ್ಬ ಮುದುಕ ಕಬ್ಬಣದ ಕಡ್ಡಿ ಕಾಸಿ ಭುಜದ ಮ್ಯಾಲ ಎರಡು ಬರಿ ಎಳದ. ಚರ್ಮ ಸುಟ್ಟು ತಿಂಗಳಾನಗಟ್ಟಲೆ ಕೀವು ಸೋರಿತು, ನೋವು ಇದ್ದಲ್ಲೇ ಇತ್ತು. ನೀ ಯಾರಪ್ಪ, ನಿನಗ ಬರಿ ಎಳಿಯಾಕ ಯಾರು ಪರವಾನಗಿ ಕೊಟ್ಟಾರ ಅಂತ ಆ ಮುದುಕಗ ಇವತ್ತಿಗೂ ಯಾವ ಸಾಹೇಬನೂ ಕೇಳಿಲ್ಲ. ಇದು ನನ್ನ ಹೊಟ್ಟ್ಯಾಗಿನ ಸಂಕಟ, ಹೇಳಿಬಿಟ್ಟೆ.

ಕಡೀಕ ದೇವಿಂದ್ರನ ಹತ್ರ ಹೋದೆ. ಮೊದಲ ಕಸರತ್ತು ಹೇಳಿಕೊಟ್ಟ, ಕರೆಂಟ್ ಕೊಟ್ಟ. ಬ್ಯಾಸಗ್ಯಾಗ ಕರೆಂಟ್ ಇದ್ರ ತಾನ ಕೊಡೂದು? ಆ ವರ್ಷ ಹೈದರಾಬಾದಿಗೆ ಹೋಗಿ ಸೂಜಿ ಹಾಕೂ ವಿದ್ಯೆ ಕಲತು ಬಂದಿದ್ದ. ಸರ್ಟಿಫಿಕೇಟ್ ಗ್ವಾಡಿಗೆ ಹಾಕಿದ್ದ. ಸೂಜಿ ಅಂದ್ರ ಕೂದಲಿನಷ್ಟು ಸಣ್ಣ, ಹಿಡಿಯಾಕ ಒಂದು ಚೂರು ಹಿಡಿಕಿ. ಔಷಧ ಎಲ್ಲದ ಅಂತ ಎಲ್ಲಾರೂ ಕೇಳೋರು. ಔಷಧ ಇಲ್ಲ, ಬರೇ ಸೂಜಿ, ಗಂಟು ಕಟ್ಟಿದ ಮಾಂಸಕ್ಕ ಚುಚ್ಚಿದ್ರ ಅದು ತಾನ ಬಿಡ್ತದ ಅಂತ ಹೇಳ್ತಿದ್ದ. ಔಷಧ ಇಲ್ಲದ ಸೂಜಿ ಚುಚ್ಚಸ್ಕೊಳ್ಳಾಕ ನಾವೇನು ಹೊಲಿಯೂ ಕೌದಿ ಏನಪ್ಪ ಅಂತ ಮಾನಮ್ಮ ಕಾಡಿಸ್ತಿದ್ಲು.

ನಾ ಮಾತ್ರ ಹಾಕಿಸ್ಕೊಂಡೆ. ಕುತ್ತಿಗಿಗೂ ಭುಜಕ್ಕೂ ನಡುವಿನ ಮಾಂಸ ಚಿವುಟಿ ಹಿಡದು ಹಾಕಿದ. ಒಳಗ ಮಾಂಸ ಪಟ್ ಅಂತ ಜಿಗೀತು. ಮರುದಿನ ಒಲಿ ಮುಂದ ಕುಂತಾಗ ಬೆರಳಿಗೆ ಹಂಚಿನ ಬಿಸಿ ತಾಗಿತು. ಎಷ್ಟು ದಿನದ ಮ್ಯಾಲ! ಸುಟ್ಟಿತು ಅಂತ ಖುಷಿ ಪಟ್ಟಾಕಿ ನಾ ಒಬ್ಬಾಕಿನ ಇರಬೇಕು. ಆಮ್ಯಾಲ ಹತ್ತು ಹದಿನೈದು ದಿನಕ್ಕೊಮ್ಮೆ ಹೋಗ್ತಿದ್ದೆ. ಭತ್ತ ಹಚ್ಚೂ ಹೆಣ್ಮಕ್ಕಳು, ಮೆಣಸಿನಕಾಯಿ ಬಿಡಿಸೂ ಹೆಣ್ಮಕ್ಕಳು ನನ್ನ ನೋಡಿ ಬರಾಕ ಶುರು ಮಾಡಿದ್ರು.

ಅವನ ಕೆಲಸದ ಪದ್ಧತಿ ಹೇಳ್ತೀನಿ. ಸೂಜಿ ಹಾಕಾಗ ಎಣಸ್ತಿದ್ದ, ತೆಗೆಯಾಗ ಎಣಸ್ತಿದ್ದ, ನಮಗೂ ಕೇಳೂಹಂಗ. ಕೈ ಎತ್ತಬ್ಯಾಡ್ರಿ, ಕುತ್ತಿಗಿ ಹೊರಳಸಬ್ಯಾಡ್ರಿ, ಏನರ ಆದ್ರ ಬಾಯಿಲೆ ಕರೀರಿ ಅಂತ ಪ್ರತಿ ಸಲ ಹೇಳ್ತಿದ್ದ. ಹೇಳಿ, ಪರದಾ ಸರಿಸಿ ಹೊರಗ ಹೋಗಿ ನಿಲ್ತಿದ್ದ. ಯಾಕಂದ್ರ ನಾವು ಬ್ಲೌಸಿನ ಹುಕ್ಕು ಬಿಚ್ಚಿ, ಬಲಭುಜ ಬರಿದು ಮಾಡ್ಕೊಂಡು, ಟೇಬಲ್ ಮ್ಯಾಲ ಹಣಿ ಇಟ್ಟು ಕುಂತಿರ್ತಿದ್ವಿ. ಊರ ಹೆಣ್ಮಕ್ಕಳು, ಅಕ್ಕ ಅಂತ ಕರಿಯೂ ಮಂದಿ. ಹತ್ತು ನಿಮಿಷ ಎದುರಿಗೆ ನಿಂತು ನೋಡೂದು ಅವನಿಗೆ ಸರಿ ಅನಸ್ತಿದ್ದಿಲ್ಲ. ಮರ್ಯಾದಿ ಇದ್ದಾವ. ಆ ಮರ್ಯಾದಿನ ಅವನಿಗೆ ಮುಳುವಾತು.

ನಾ ಮನ್ಯಾಗ ಸೂಜಿ ಅಂತ ಹೇಳಿದ್ದಿಲ್ಲ. ಕೈಗೆ ಕರೆಂಟ್ ಕೊಡಸ್ಕೋತೀನಿ ಅಂತ ಮಾವಗ ಹೇಳಿದ್ದೆ. ಓಣಿ ಹುಡುಗನ ಮುಂದ ಭುಜ ಬಿಚ್ಚಿ ಕುಂಡರ್ತೀನಿ ಅಂತ ಮಾವಗ ಹ್ಯಾಂಗ ಹೇಳೂದು? ಅಂಬ್ರಪ್ಪ ಮಾವ ಬ್ಯಾಡ ಅಂತಿದ್ದಿಲ್ಲ. ಆದ್ರೂ ನನಗ ನಾಚಿಕಿ.

ಅವತ್ತು ಕಡ್ಲಿ ಹೊಲ ಹಸರಾಗಿದ್ದ ದಿನ. ಊಟದ ಗದ್ದಲ ಮುಗಿದಿತ್ತು, ನಾ ಎದುರಿಗಿನ ಖೋಲಿಗೆ ಹೋದೆ. ಮೂರು ಸೂಜಿ ಹಾಕಿ, ಎಣಿಸಿ, ಹೊರಗ ಹೋದ. ಹೊರಗ ಬಾಕಿನ ಮ್ಯಾಲ ಮೊಣಕಾಲು ನೋವಿನ ಒಬ್ಬ ಮುದುಕಪ್ಪ ಇದ್ದ, ಅವನ ಕೂಡ ಮಾತಾಡಾಕತ್ತಿದ್ದ. ನಾ ಹಣಿ ಇಟ್ಟು ಕಣ್ಣು ಮುಚ್ಚಿದ್ದೆ. ಆ ಹತ್ತು ನಿಮಿಷ ನನಗ ಭಾಳ ಸುಖದ್ದು, ಯಾರೂ ರೊಟ್ಟಿ ಕೇಳಂಗಿಲ್ಲ.

ಆಗ ಪರದಾದ ಆ ಕಡೆ ಎರಡು ಸಲ ಕೆಮ್ಮು ಕೇಳಿತು.

ಅಂಬ್ರಪ್ಪ ಮಾವಂದು. ಹದಿನಾರು ವರ್ಷ ಕೇಳಿದ ಕೆಮ್ಮು. ನನ್ನ ಬಲಗೈ ಎದ್ದು, ಎಡಭುಜದ ಹಿಂದಿನ ಸೆರಗು ಹಿಡದು, ತೆಲಿ ಮ್ಯಾಲಿಂದ ತಂದು, ಬಲಭುಜದ ಮ್ಯಾಲ ಜಗ್ಗಿ ಎದಿ ಮುಂದ ಒತ್ತಿ ಹಿಡೀತು. ಸೂಜಿ ಅವ ಅಂತ ನೆನಪಾಗೂದ್ರೊಳಗ ಒಳಗ ಏನೋ ಚುರ್ ಅಂದಿತ್ತು.

ನಾ ಸಣ್ಣಗ ಹಾ ಅಂದದ್ದು ಕೇಳಿ ದೇವಿಂದ್ರ ಓಡಿ ಬಂದ. ಸೆರಗು ಸರಿಸಿದ. ಒಂದು ಸೂಜಿ ಹಿಡಿಕಿ ತನಕ ಇಳಿದು ಸೊಟ್ಟಗಾಗಿತ್ತು. ಮೂರೂ ತೆಗದ, ಎಣಿಸೂದು ಮರತ. ಉಸಿರು ಹ್ಯಾಂಗದ, ಎದಿ ನೋವದೇನು ಅಂತ ಸಣ್ಣ ದನಿಲೆ ಕೇಳಿದ. ನಾ ಬಾಯಿ ಮ್ಯಾಲ ಬೆರಳಿಟ್ಟು, ಹೊರಗ ಮಾವ ಅದಾನ, ಏನೂ ಅನಬ್ಯಾಡ ಅಂತ ಸನ್ನಿ ಮಾಡಿದೆ. ಆಂವ ಒಂದು ಚೀಟಿ ಬರದು ಕೊಟ್ಟ. ಈಗಿಂದೀಗ ಸರಕಾರಿ ದವಾಖಾನಿಗೆ ಹೋಗಿ ಎದಿ ಎಕ್ಸ್‌ರೇ ತೆಗಸ್ರಿ, ಮನಿಗೆ ಹೋಗಬ್ಯಾಡ್ರಿ, ನಾನೂ ಬರ್ತೀನಿ ಅಂದ. ನಾ ಚೀಟಿ ಎಲಿ ಅಡಕಿ ಸಂಚ್ಯಾಗ ಹಾಕ್ಕೊಂಡೆ. ನೀ ಬರಬ್ಯಾಡ, ನಾ ಹೋಗ್ತೀನಿ ಅಂತ ಸುಳ್ಳು ಹೇಳಿ ಹೊರಗ ಬಂದೆ. ಮಾವ ಒಂದು ಹೊರಿ ಹಸಿ ಕಡ್ಲಿ ಗಿಡ ಕಿತ್ಕೊಂಡು ಬಂದಿದ್ದ. ಮಾನಮ್ಮ ಎದುರಿಗೆ ಹೋಗ್ಯಾಳ ಅಂದ್ಲವ್ವ, ನಿನಗ ಸೇರ್ತಾವ ಅಂತ ತಂದೆ ಅಂದ. ಅವನ ಕೂಡ ಟಂಟಂ ಹತ್ತಿ ಊರಿಗೆ ಹೋದೆ. ದಾರಿತುಂಬ ಕಡ್ಲಿ ಸುಲದು ತಿಂದ್ವಿ.

ಹೊತ್ತು ಮುಣಗೂದ್ರಾಗ ಉಸಿರು ಸಿಗವಲ್ದಾತು. ಪಕ್ಕ್ಯಾಗ ಚೂರಿ ಇಟ್ಟಂಗ ಆತು. ಗಂಡ ಸುಗ್ಗಿಗೆ ದೂರ ಹೋಗಿದ್ದ, ಮಾವನ ಗಾಡಿ ಮಾಡ್ಕೊಂಡು ಕಲಬುರಗಿ ದೊಡ್ಡ ದವಾಖಾನಿಗೆ ಒಯ್ದ. ಸೂಜಿ ಮೊನಿ ಶ್ವಾಸದ ಚೀಲಕ್ಕ ತಾಗಿ ಗಾಳಿ ಸೋರ್ಯಾದ, ಎದಿಯೊಳಗ ಗಾಳಿ ತುಂಬ್ಯಾದ ಅಂದ್ರು. ಪಕ್ಕಿಗೆ ತೂತು ಮಾಡಿ ಪೈಪ್ ಇಟ್ರು. ಐದು ದಿನ ಆ ಪೈಪಿನ ತುದ್ಯಾಗಿನ ಬಾಟ್ಲ್ಯಾಗ ಗುಳ್ಳಿ ಏಳೂದು ನೋಡ್ಕೋತ ಮಲಗಿದ್ದೆ. ಅಳು ಬರಲಿಲ್ಲ, ಹೆದರಿಕಿ ಬರಲಿಲ್ಲ. ಅವತ್ತಿಂದ ನನಗ ಅಳೂ ನಗೂ ಏನೂ ಪೂರಾ ಬರವಲ್ದು.

ಯಾರು ಸೂಜಿ ಹಾಕಿದ್ರು ಅಂತ ಡಾಕ್ಟರ್ ಕೇಳಿದ್ರು. ಫಿಸಿಯೋ ಅಂದೆ. ಆ ಡಾಕ್ಟರ್ ಮಾರಿ ಕೆಂಪಗಾತು. ಇವರಿಗ್ಯಾರು ಸೂಜಿ ಹಿಡೀರಿ ಅಂದಾರ ಅಂತ ಮಾವನ ಮ್ಯಾಲ ಕೂಗಾಡಿದ್ರು, ಮಾವನ ಹಾಕ್ಯಾನ ಅನ್ನೂಹಂಗ. ದೇವಿಂದ್ರ ದಿನಾ ಸುರಪುರದಿಂದ ಬಸ್ ಹತ್ತಿ ಬರ್ತಿದ್ದ, ವಾರ್ಡಿನ ಹೊರಗ ನಿಲ್ತಿದ್ದ. ಮಾವ ಒಳಗ ಬಿಡಲಿಲ್ಲ. ಆರನೇ ದಿನ ನನ್ನ ಊರಿಗೆ ಕರ್ಕೊಂಡು ಬಂದ, ಏಳನೇ ದಿನ ತಾನ ಯಾದಗಿರಿಗೆ ಹೋಗಿ ಆರೋಗ್ಯ ಇಲಾಖಿ ಕಚೇರ್ಯಾಗ ದೇವಿಂದ್ರನ ಮ್ಯಾಲ ಅರ್ಜಿ ಕೊಟ್ಟ. ಹೊಲದ ತಕರಾರಿಗೂ ಒಂದು ಅರ್ಜಿ ಕೊಟ್ಟಾವಲ್ಲ ಆ ಮನಷ್ಯಾ. ಬ್ಯಾಡ ಮಾವ ಅಂದೆ. ನೀ ಸುಮ್ಮಿರವ್ವ ಅಂದ, ನನ್ನ ಮಾರಿ ನೋಡದ.

ಕಚೇರಿಗೆ ಕರದ್ರು. ಉದ್ದ ಟೇಬಲ್, ಆ ಕಡೆ ಒಬ್ಬ ಸಾಹೇಬ, ಒಬ್ಬ ವಯಸ್ಸಾದ ಡಾಕ್ಟರ್, ಒಬ್ಬಾಕಿ ಡಾಕ್ಟರಮ್ಮ. ಈ ಕಡೆ ಮಾವ, ನಾನು, ಅಲ್ಲಿ ತುದಿಗೆ ದೇವಿಂದ್ರ. ವಯಸ್ಸಾದ ಡಾಕ್ಟರ್ ಹೇಳಿದ್ರು, ಚರ್ಮದ ಒಳಗ ಹೋಗೂದು ಏನಿದ್ರೂ ಡಾಕ್ಟರ್ ಕೆಲಸ, ಇವರು ಮಾಡಬಾರದು. ಡಾಕ್ಟರಮ್ಮ ಒಪ್ಪಲಿಲ್ಲ. ಮಾಂಸ, ನರ, ಎಲುಬು ಇವರು ವರ್ಷಾನಗಟ್ಟಲೆ ಓದಿರ್ತಾರ, ಸರಿಯಾಗಿ ಕಲತಿದ್ರ ಯಾಕ ಮಾಡಬಾರದು, ಈ ಕೆಲಸ ಹಳ್ಳ್ಯಾಗ ಇನ್ಯಾರು ಮಾಡ್ತಾರ ಅಂದ್ಲು. ಸಾಹೇಬರು ಫೈಲು ತಿರುವಿ ತಿರುವಿ, ಮಾಡಬಹುದು ಅಂತಾನೂ ಎಲ್ಲೂ ಬರದಿಲ್ಲ, ಮಾಡಬಾರದು ಅಂತಾನೂ ಬರದಿಲ್ಲ, ನಾ ಏನು ಮಾಡ್ಲಿ ಅಂದ್ರು. ಕಡೀಕ ಎಲ್ಲಾ ಒಂದ ಮಾತಿಗೆ ಬಂದು ನಿಂತಿತು. ಸೂಜಿ ತಾನಾಗೇ ಆಳಕ್ಕ ಹೋತೋ, ಇಲ್ಲಾ ಬ್ಯಾರೆ ಏನರ ಆತೋ? ಡಾಕ್ಟರಮ್ಮ ನನ್ನ ಕಡೆ ತಿರುಗಿದ್ಲು.

"ಸೂಜಿ ಇದ್ದಾಗ ನೀವೇನರ ಅಲುಗಾಡಿದ್ರೇನವ್ವ? ಕೈ ಗಿಯ್ ಎತ್ತಿದ್ರಾ?"

ಬಾಜೂಕ ಮಾವ ಕುಂತಿದ್ದ, ಟವಲ್ ಮುದ್ದಿ ಮಾಡಿ ಹಿಡಕೊಂಡಿದ್ದ. ಹೌದು ಅಂದ್ರ, ಯಾಕ ಎತ್ತಿದ್ರಿ ಅಂತ ಕೇಳ್ತಾರ. ಸೆರಗು ಹೊದ್ಕೊಳ್ಳಾಕ ಅಂತೀನಿ. ಯಾಕ ಅಂತಾರ. ಮಾವ ಕೆಮ್ಮಿದ ಅಂತೀನಿ. ಅಷ್ಟು ದೂರ ಹಸಿ ಕಡ್ಲಿ ಹೊತ್ಕೊಂಡು ಬಂದಾವನ ತೆಲಿ ಮ್ಯಾಲ ಇದು ಹೋಗಿ ಕುಂಡರ್ತದ. ಮತ್ತ ಆ ಗಂಡಸರ ಮುಂದ ನನ್ನ ಬರಿ ಭುಜದ ಕಥಿ ಪೂರಾ ಬಿಚ್ಚಬೇಕು. ಚೀಟಿ ಸಂಚ್ಯಾಗ ಸೊಂಟಕ್ಕ ಒತ್ತಾಕತ್ತಿತ್ತು.

"ಇಲ್ರಿ," ಅಂದೆ.

ದೇವಿಂದ್ರ ನನ್ನ ನೋಡಿದ. ಮಾರಿ ಅಲ್ಲ, ಭುಜ ನೋಡಿದ. ಆಮ್ಯಾಲ ಅವನಿಗೆ ಕೇಳಿದ್ರು. ಆಂವ ಎದ್ದು ನಿಂತು, ಪೇಶಂಟ್ ನಂದು, ಸೂಜಿ ನಂದು, ಸೂಜಿ ಇರೂತನಕ ನಾ ಹೊರಗ ಹೋಗಬಾರದಿತ್ತು, ಹೋದೆ ಅಂದ. ಸೆರಗಿನ ಮಾತು ಎತ್ತಲಿಲ್ಲ. ಚೀಟಿ ಮಾತೂ ಎತ್ತಲಿಲ್ಲ. ಮ್ಯಾಲಿಂದ ನಿಯಮ ಬರೂತನಕ ಸೂಜಿ ಮುಟ್ಟಬಾರದು ಅಂತ ಬರದು ಕೈಗೆ ಕೊಟ್ರು. ಹತ್ತು ದಿನಕ್ಕ ಖೋಲಿ ಖಾಲಿ ಮಾಡಿದ. ಮಶೀನ, ಮಂಚ ಗಾಡ್ಯಾಗ ಹೇರಾಗ ನಾ ಖಾನಾವಳಿ ಒಲಿ ಮುಂದ ರೊಟ್ಟಿ ಬಡಿಯಾಕತ್ತಿದ್ದೆ. ಮಾನಮ್ಮ ಹೊರಗ ಹೋಗಿ ನೋಡಿ ಬಂದ್ಲು. ಪರದಾ ಬಿಟ್ಟು ಹೋಗ್ಯಾನ ನೋಡ ಅಂದ್ಲು. ನಾ ರೊಟ್ಟಿ ತಿರುವಿ ಹಾಕಿದೆ.

ಎಂಟು ತಿಂಗಳು ಹೋದ್ವು. ಕೈ ಮತ್ತ ಮೊದಲಿನಂಗ ಜೋಮು ಹಿಡೀತು, ಮೊದಲಿಗಿಂತ ಖೋಡಿ ಆತು. ಒಂದಿನ ಸುಟ್ಟ ವಾಸನಿ ಬಂತು. ರೊಟ್ಟಿ ಹೊತ್ತತು ಅಂತ ಹಂಚು ನೋಡಿದ್ರ ರೊಟ್ಟಿ ಚೊಲೋ ಇತ್ತು, ಹೊತ್ತಿದ್ದು ನನ್ನ ಎರಡು ಬೆರಳು. ಮಾನಮ್ಮ ಕೈ ಜಗ್ಗಿ ನೀರಾಗ ಅದ್ದಿ ಬೈದ್ಲು. ನನಗ ನೋವಾಗಲಿಲ್ಲ. ಅದ ಹೆದರಿಕಿ ಆತು.

ದೇವಿಂದ್ರ ಶಹಾಪುರದಾಗ ಅದಾನ ಅಂತ ಮಾಳಮ್ಮ ಅಂದಿದ್ಲು. ಮಗಳನ್ನ ನೋಡಾಕ ಅಂತ ಅಲ್ಲಿಗೆ ಹೋದೆ. ಹಾಸ್ಟೆಲ್‌ನಾಗ ಆಕಿಗೆ ರೊಟ್ಟಿ ಶೇಂಗಾ ಚಟ್ನಿ ಕೊಟ್ಟು, ಕೇಳ್ಕೋತ ಕೇಳ್ಕೋತ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋದೆ. ಹಿಂದಿನ ಖೋಲ್ಯಾಗ ದೇವಿಂದ್ರ ಇದ್ದ. ಯಾರದೋ ಸೊಂಟಕ್ಕ ಕರೆಂಟ್ ಹಚ್ಚಿ ಗಡಿಯಾರ ನೋಡ್ಕೋತ ನಿಂತಿದ್ದ. ನನ್ನ ನೋಡಿ, ಬರ್ರಿ ಅಕ್ಕ ಅಂದ, ನಿನ್ನೆ ನೋಡಿದಾಂಗ. ಬೆರಳು ತೋರ್ಸಿದೆ. ಸೂಜಿ ಹಾಕು ಅಂದೆ. ಹಾಕೂದಿಲ್ಲಕ್ಕ ಅಂದ, ಸಿಟ್ಟಿಲ್ಲದ. ಕಲಬುರಗ್ಯಾಗ ನರದ ಡಾಕ್ಟರ್‌ಗೆ ತೋರಸ್ರಿ ಅಂತ ಹೆಸರು ಬರದು ಕೊಟ್ಟ. ಅವತ್ತಿನ ಚೀಟ್ಯಾಗಿನ ಅಕ್ಷರನ.

ನಾ ತಡೀಲಾರದ ಕೇಳಿದೆ. ತಮ್ಮಾ, ಅವತ್ತು ಕಚೇರ್ಯಾಗ ನೀ ಯಾಕ ಸೆರಗಿನ ಮಾತು ಹೇಳಲಿಲ್ಲ ಅಂದೆ. ಆಂವ ಮಶೀನ ಬಂದ್ ಮಾಡಿ, ವೈರು ಸುತ್ತಿ ಇಟ್ಟು, ಆಮ್ಯಾಲ ಮಾತಾಡಿದ.

"ಹೈದರಾಬಾದ್‌ನಾಗ ಕಲಿಸಾಗ ಎಲ್ಲಾರೂ ಟೀ ಶರ್ಟ್ ಮ್ಯಾಲ ಇದ್ರು ಅಕ್ಕ. ಕೈ ಎತ್ತಬ್ಯಾಡ್ರಿ ಅಂತ ಹೇಳ್ರಿ ಅಂದ್ರು, ಹೇಳಿದೆ. ಸೆರಗಿನ ಸುದ್ದಿ ಅವರಿಗೆ ಗೊತ್ತಿಲ್ಲ. ನನಗ ಗೊತ್ತಿರಬೇಕಿತ್ತು. ಅಂಬ್ರಪ್ಪ ಕಾಕಾ ಕೆಮ್ಮಿದ್ದು ನನಗೂ ಕೇಳಿತು. ಕೇಳಿ, ಬರ್ರಿ ಕಾಕಾ ಅಂತ ಖುರ್ಚಿ ಎಳದು ಹಾಕಿದೆ. ದೇವಾಪುರದಾಗ ಹುಟ್ಟಿದಾವ ನಾ. ಆ ಕೆಮ್ಮಿಗೆ ಒಳಗ ಏನಾಗ್ತದ ಅಂತ ಹೊಳೀಲಿಲ್ಲ."

ಹಂಗಾದ್ರ ತಪ್ಪು ನಂದಲ್ಲೇನು ಅಂತ ಕೇಳಿದೆ. ನೀವು ಇಲ್ಲ ಅಂದದ್ದು ಯಾಕ ಅಂತ ಮಾತ್ರ ನನಗ ಭಾಳ ದಿನ ತಿಳೀಲಿಲ್ಲಕ್ಕ ಅಂದ. ಅಷ್ಟ. ಹೊರಗ ಮುಂದಿನ ಪೇಶಂಟ್ ಕುಂತಿತ್ತು, ನಾ ಎದ್ದು ಬಂದೆ.

ಬಸ್ಸಿನ್ಯಾಗ ದೇವಾಪುರ ತನಕ ಅವನ ಆ ಒಂದ ಮಾತು ತೆಲ್ಯಾಗ. ಮನಿಗೆ ಬಂದು ಕೈಕಾಲು ತೊಳಕೊಂಡು ಪಡಸಾಲ್ಯಾಗ ಕುಂತೆ. ಹೊರಗ ಚಪ್ಪಲಿ ಬಿಟ್ಟ ಸಪ್ಪಳ, ಎರಡು ಸಲ ಕೆಮ್ಮು. ಬಲಗೈ ಎದ್ದಿತು. ಅದನ್ನ ಎಡಗೈಲೆ ಹಿಡದು ತೊಡಿ ಕೆಳಗ ಒತ್ತಿ ಅದರ ಮ್ಯಾಲ ಕುಂತೆ. ಮಾವ ಒಳಗ ಕಾಲಿಟ್ಟ, ನನ್ನ ಬರಿ ತೆಲಿ ನೋಡಿ ಹಿಂದಕ್ಕ ಸರದ. ಇಲ್ಲ ಮಾವ, ಬಾ ಅಂದೆ. ಅವತ್ತು ನೀ ಕೆಮ್ಮಿದಿ, ನಾ ಸೆರಗು ಜಗ್ಗಿದೆ, ಸೂಜಿ ಅದಕ್ಕ ಒಳಗ ಹೋತು, ಆ ಹುಡುಗಂದು ಏನೂ ಇಲ್ಲ ಅಂತ ಒಂದ ಉಸಿರಿನ್ಯಾಗ ಹೇಳಿದೆ. ಸಂಚಿ ಬಿಚ್ಚಿ ಚೀಟಿ ತೆಗದು ನೆಲದ ಮ್ಯಾಲ ಇಟ್ಟೆ.

ಮಾವ ಹೊಸ್ತಿಲದಾಗ ಕುಂತ. ಬೀದ್ಯಾಗ ಯಾರೋ ಎಮ್ಮಿ ಹೊಡಕೊಂಡು ಹೋದ್ರು.

"ನನಗ ಗೊತ್ತದವ್ವ," ಅಂದ. "ಪರದಾ ಜರಾ ಸರದಿತ್ತು. ನಿನ್ನ ಕೈ ಏಳೂದು ನೋಡೀನಿ."

ಮತ್ತ ಅರ್ಜಿ ಯಾಕ ಕೊಟ್ಟಿ ಮಾವ ಅಂತ ಕೇಳಿದ್ದು ನನ್ನ ದನಿ ಅಂತ ನನಗ ಅನಸಲಿಲ್ಲ.

"ಆಸ್ಪತ್ರ್ಯಾಗ ನಿನ್ನ ಪಕ್ಕಿಗೆ ಪೈಪ್ ಇತ್ತು. ಯಾರು ಮಾಡಿದ್ರು ಅಂತ ಎಲ್ಲಾರೂ ಕೇಳಾಕತ್ತಿದ್ರು. ನನ್ನ ಕೆಮ್ಮು ಮಾಡ್ಯಾದ ಅಂತ ಹ್ಯಾಂಗ ಹೇಳ್ಲಿ? ಆ ಹುಡುಗನ ಹೆಸರು ಬರಸಿದೆ."

ಮರುದಿನ ಇಬ್ರೂ ಯಾದಗಿರಿಗೆ ಹೋದ್ವಿ. ಮಾವ ಮುಂದಿನ ಸೀಟಿನ್ಯಾಗ ಕುಂತ, ನಾ ಹಿಂದ. ಆ ಸಾಹೇಬರಿಗೆ ವರ್ಗ ಆಗಿತ್ತು, ಬ್ಯಾರೆಯವರು ಬಂದಿದ್ರು. ಇದ್ದದ್ದು ಇದ್ದಂಗ ಹೇಳಿದೆ, ಬ್ಲೌಸಿನ ಹುಕ್ಕಿನಿಂದ ಹಿಡದು. ನಾಚಿಕಿ ಬರ್ತದ ಅಂದ್ಕೊಂಡಿದ್ದೆ, ಬರಲಿಲ್ಲ. ಬರಕೊಂಡ್ರು, ನಾ ಹೆಬ್ಬಟ್ಟು ಒತ್ತಿದೆ, ಮಾವ ಸಹಿ ಮಾಡಿದ. ಚೀಟಿ ಪಿನ್ ಹಚ್ಚಿ ಫೈಲಿಗೆ ಸೇರಿಸಿದ್ರು. ದೇವಿಂದ್ರ ಮತ್ತ ಸೂಜಿ ಹಾಕಬಹುದೇನ್ರಿ ಅಂತ ಕೇಳಿದೆ. ಅದು ಬ್ಯಾರೆ ಪ್ರಶ್ನೆ ಅವ್ವ, ಯಾರು ಹಾಕಬೇಕು ಯಾರು ಹಾಕಬಾರದು ಅಂತ ಮ್ಯಾಲಿಂದ ಇನ್ನೂ ಬಂದಿಲ್ಲ ಅಂದ್ರು. ಜ್ಯೋತಿ ಕಡಿಂದ ದೇವಿಂದ್ರಗ ಫೋನ್ ಹಚ್ಚಿಸಿ ಹೇಳಿದೆ. ಆತಕ್ಕ ಅಂದ. ಬೆರಳು ಸುಡಸ್ಕೋಬ್ಯಾಡ್ರಿ, ಕೈಗೆ ಬಟ್ಟಿ ಕಟ್ಕೊಂಡು ಬಡೀರಿ ಅಂದ. ಸುರಪುರಕ್ಕ ತಿರುಗಿ ಬರ್ತೀನಿ ಅಂತ ಅನಲಿಲ್ಲ. ಅವನ ಖೋಲ್ಯಾಗ ಈಗ ಮೊಬೈಲ್ ರಿಪೇರಿ ಅಂಗಡಿ ಅದ, ಹಸರು ಪರದಾ ಅಲ್ಲೇ ತೂಗಾಕತ್ಯಾದ.

ನನ್ನ ಮಾವ ಈಗ ಕೆಮ್ಮಂಗಿಲ್ಲ. ಹೊಸ್ತಿಲದಾಗ ನಿಂತು, ಶೇಖವ್ವ ಅಂತ ಹೆಸರು ಹಿಡದು ಕರೀತಾನ. ನಾ ಸೆರಗು ಹೊದಿಯಂಗಿಲ್ಲ, ಹ್ಞೂಂ ಮಾವ ಅಂತೀನಿ. ಆದ್ರ ಖಾನಾವಳ್ಯಾಗ ನೂರು ಮಂದಿ ಉಣ್ಣಾಕ ಬರ್ತಾರ. ಅವರಾಗ ಯಾವನರ ಮುದುಕ ಕೆಮ್ಮಿದ್ರ ಸಾಕು, ಹಂಚಿನ ಬಿಸಿ ತಿಳೀದ ಈ ಬಲಗೈ ಎದ್ದು ಸೆರಗಿಗೆ ಹೋಗ್ತದ.